ಹೊಸ್ತಿಲಿನಿಂದ ಬಸ್ ಸ್ಟ್ಯಾಂಡಿನವರೆಗೆ: ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಜೊತೆಗಾರರು ತಯಾರಾದ ಬಗೆ

ಮಳವಳ್ಳಿಗೆ ರೈಲು ಬಂದಿಲ್ಲ. ಮಂಡ್ಯ ಮತ್ತು ಮದ್ದೂರು ಬೆಂಗಳೂರು–ಮೈಸೂರು ರೈಲು ಹಾದಿಯಲ್ಲಿವೆ. ಮಳವಳ್ಳಿಯವರು ಮಾತ್ರ ಎಲ್ಲಿಗೆ ಹೊರಟರೂ ಬಸ್ಸನ್ನೇ ನಂಬಬೇಕು, ಇಲ್ಲವೇ ಮದ್ದೂರಿಗೋ ಮಂಡ್ಯಕ್ಕೋ ಬಂದು ರೈಲು ಹಿಡಿಯಬೇಕು. ಕೈಕಾಲು ಗಟ್ಟಿಯಿರುವವರು ಇದನ್ನು ಯೋಚಿಸುವುದೂ ಇಲ್ಲ. ಕ್ಯಾಲಿಪರ್ ಕಟ್ಟಿಕೊಂಡವರಿಗೆ, ಕಣ್ಣು ಕಾಣದವರಿಗೆ, ಬೆಳೆದ ಮಗನನ್ನು ಇನ್ನೂ ಸೊಂಟದ ಮೇಲೆ ಹೊತ್ತು ತಿರುಗುವ ತಾಯಿಗೆ ಓದು, ಚಿಕಿತ್ಸೆ, ಮದುವೆಮನೆ, ಜಾತ್ರೆ ಎಲ್ಲವೂ ಈ ದಾರಿಯ ಮೇಲೆ ನಿಂತಿವೆ.

ಅಂಗವಿಕಲರ ಬದುಕಿನಲ್ಲಿ ಪ್ರಯಾಣ ಎಷ್ಟು ಎಂಬುದನ್ನು ಹೊರಗಿನವರು ಅಂದಾಜು ಮಾಡುವುದು ಕಡಿಮೆ. ಪ್ರಮಾಣಪತ್ರಕ್ಕಾಗಿ ಮಂಡ್ಯದ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಮಗು ಮಾತಾಡುತ್ತಿಲ್ಲ, ಕೂಗಿದರೆ ತಿರುಗಿ ನೋಡುತ್ತಿಲ್ಲ ಎಂದಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಫಿಟ್ಸ್ ಬರುತ್ತಿದ್ದರೆ, ಬೆನ್ನುಹುರಿಗೆ ಪೆಟ್ಟಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸಿಗೆ. ಹತ್ತನೇ ತರಗತಿ ಪಾಸಾದ ಹುಡುಗಿಗೆ ಡಿಪ್ಲೊಮಾ ಓದುವ ಆಸೆಯಿದ್ದರೆ ಮತ್ತೆ ಮೈಸೂರಿಗೆ. ಒಂದು ಸಲ ಹೋದರೆ ಮುಗಿಯುವ ಕೆಲಸ ಇವುಗಳಲ್ಲಿ ಒಂದೂ ಇಲ್ಲ. ಡಾಕ್ಟರು ಬಂದಿಲ್ಲ, ಆಧಾರ್ ಜೆರಾಕ್ಸ್ ತಂದಿಲ್ಲ, ಮುಂದಿನ ಬುಧವಾರ ಬನ್ನಿ ಎಂಬ ಮಾತು ಕೇಳಿಸಿಕೊಂಡು ವಾಪಸ್ಸಾದವರು ನಮ್ಮ ಪ್ರತಿ ಹಳ್ಳಿಯಲ್ಲೂ ಸಿಗುತ್ತಾರೆ.

ಜೊತೆಗೆ ಹೋಗುತ್ತಿದ್ದವರು ಯಾರು? ಅವ್ವ, ಇಲ್ಲವೇ ಅಕ್ಕ, ಇಲ್ಲವೇ ಮನೆಯಲ್ಲಿ ಬಿಡುವಾಗಿರುವ ಚಿಕ್ಕಪ್ಪ. ಒಬ್ಬರ ಪ್ರಯಾಣಕ್ಕೆ ಇಬ್ಬರ ಕೂಲಿ ಹೋಗುತ್ತಿತ್ತು. ನಾಟಿ ಮತ್ತು ಕಬ್ಬಿನ ಕಟಾವಿನ ದಿನಗಳಲ್ಲಿ ಆಸ್ಪತ್ರೆಯ ತಾರೀಖು ತಾನಾಗಿಯೇ ಮುಂದಕ್ಕೆ ಹೋಗುತ್ತಿತ್ತು. ಜೊತೆಗೆ ಬಂದವರಿಗೆ ಪ್ರೀತಿಯಿತ್ತು, ತಾಳ್ಮೆಯೂ ಇತ್ತು. ಹೇಗೆ ಹಿಡಿಯಬೇಕು, ಹೇಗೆ ಎತ್ತಬೇಕು ಎಂಬುದನ್ನು ಮಾತ್ರ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈ ಮೂರು ತಾಲ್ಲೂಕುಗಳ ಪುನರ್ವಸತಿ ಕೆಲಸದ ಇತಿಹಾಸ ಬರೆಯುವಾಗ ಕಟ್ಟಡ, ಉದ್ಘಾಟನೆ, ಪದಾಧಿಕಾರಿಗಳ ಪಟ್ಟಿಯನ್ನು ಬದಿಗಿಟ್ಟು, ಜೊತೆಗಾರಿಕೆ ಎಂಬ ಕೆಲಸವನ್ನು ಇಲ್ಲಿ ಜನ ಹೇಗೆ ಕಲಿತರು ಎಂಬುದನ್ನೇ ಮುಂದಿಡಬೇಕೆಂದು ನನಗೆ ಅನ್ನಿಸಿದೆ.

ಅದರ ಬೇರು ಬೆಂಗಳೂರಿನಲ್ಲಿದೆ. ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ ಶುರುವಾದದ್ದು 1969ರಲ್ಲಿ. ನೋಡಲಾಗದ ಮಕ್ಕಳಿಗೆ ಓದು, ಸಂಗೀತ, ನೃತ್ಯ, ಕಸುಬು ಕಲಿಸಿದ ಸಂಸ್ಥೆ ಅದು. ಆದರೆ ಹಳ್ಳಿಯ ಎಲ್ಲ ಮಕ್ಕಳನ್ನೂ ನಗರದ ವಸತಿಶಾಲೆಗೆ ಕರೆತರುವುದು ಆಗದ ಮಾತು. ಕರೆತಂದರೂ ಓದು ಮುಗಿಸಿ ಊರಿಗೆ ಮರಳಿದ ಯುವಕ ತನ್ನ ಮನೆಯ ಬಾವಿಕಟ್ಟೆಗೆ, ಗದ್ದೆಬದುವಿಗೆ, ಬಸ್ ನಿಲ್ಲುವ ಅರಳಿಕಟ್ಟೆಗೆ ಹೋಗುವುದನ್ನು ಮೊದಲಿನಿಂದ ಕಲಿಯಬೇಕು. ಕೆಲಸವೇ ಹಳ್ಳಿಗೆ ಹೋಗಬೇಕಾಯಿತು. 1990ರ ದಶಕದ ಕೊನೆಯ ಹೊತ್ತಿಗೆ ಅಕಾಡೆಮಿ ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಸಮುದಾಯ ಆಧಾರಿತ ಪುನರ್ವಸತಿ ಕಾರ್ಯಕ್ರಮ ಕೈಗೊಂಡಿತು. ಕಣ್ಣು ಕಾಣದವರಷ್ಟೇ ಅಲ್ಲದೆ ಎಲ್ಲ ಬಗೆಯ ಅಂಗವಿಕಲರೂ ಅದರೊಳಗೆ ಬಂದರು.

ಹಣದ ನೆರವು ಇಟಲಿಯ ಬೊಲೊನ್ಯ ನಗರದ ಐಫೋ ಸಂಸ್ಥೆಯದು. ಫ್ರಾನ್ಸಿನ ರಾಉಲ್ ಫೋಲೆರೊ ಅವರ ಹೆಸರಿನಲ್ಲಿ ಹುಟ್ಟಿ, ಕುಷ್ಠರೋಗಿಗಳ ಸೇವೆಯಿಂದ ಬೆಳೆದ ಸಂಸ್ಥೆ. ಮದ್ದಿನಿಂದ ಕುಷ್ಠ ವಾಸಿಯಾಗುತ್ತದೆ. ವಾಸಿಯಾದವನನ್ನು ಊರಿನ ಬಸ್ಸಿನಲ್ಲಿ ಪಕ್ಕ ಕೂರಿಸಿಕೊಳ್ಳುವಂತೆ ಮಾಡಲು ಮದ್ದಿಲ್ಲ. ಕುಷ್ಠರೋಗದ ಕೆಲಸ ಮಾಡಿದವರು ಇದನ್ನು ಎಲ್ಲರಿಗಿಂತ ಮೊದಲು ಕಂಡುಕೊಂಡಿದ್ದರು. ಊರನ್ನು ಬಿಟ್ಟು ರೋಗಿಯೊಬ್ಬನನ್ನೇ ಸರಿಪಡಿಸಲು ಹೋದರೆ ಪ್ರಯೋಜನವಿಲ್ಲ ಎಂಬ ಆ ತಿಳಿವಳಿಕೆ ಮಂಡ್ಯದ ಕಾರ್ಯಕ್ರಮಕ್ಕೂ ಬಂತು.

ಈ ಪದ್ಧತಿಯ ಹಿನ್ನೆಲೆ ಇನ್ನೂ ದೊಡ್ಡದು. ಪ್ರಾಥಮಿಕ ಆರೋಗ್ಯ ಸೇವೆ ಕುರಿತ 1978ರ ಆಲ್ಮಾ ಆಟಾ ಘೋಷಣೆಯ ನಂತರ ವಿಶ್ವ ಆರೋಗ್ಯ ಸಂಸ್ಥೆ, ಆಸ್ಪತ್ರೆಯ ಗೋಡೆಯೊಳಗಿದ್ದ ಪುನರ್ವಸತಿಯ ತಿಳಿವಳಿಕೆಯನ್ನು ಮನೆಯವರ ಕೈಗೆ ಕೊಡುವ ದಾರಿ ಹುಡುಕಿತು. ಏನಾರ್ ಹೆಲಾಂಡರ್ ಮತ್ತು ಅವರ ಜೊತೆಗಾರರು, ಅವರಲ್ಲಿ ಶ್ರೀಲಂಕಾದ ಫಿಸಿಯೋಥೆರಪಿಸ್ಟ್ ಪದ್ಮಾಣಿ ಮೆಂಡಿಸ್ ಒಬ್ಬರು, ರೂಪಿಸಿದ ಕೈಪಿಡಿ ಪೂರ್ಣರೂಪದಲ್ಲಿ 1989ರಲ್ಲಿ ಹೊರಬಂತು. ಅದರಲ್ಲಿ 30 ತರಬೇತಿ ಪುಸ್ತಿಕೆಗಳಿವೆ. ತೊಂದರೆ ಏನು, ಅದಕ್ಕೆ ಮನೆಯವರು ಏನು ಮಾಡಬಹುದು ಎಂಬುದನ್ನು ಚಿತ್ರಗಳ ಸಮೇತ ಸರಳ ಮಾತಿನಲ್ಲಿ ಹೇಳಿದ್ದಾರೆ. ಅವ್ವನೇ ತರಬೇತುದಾರಳಾಗಬಹುದು, ಹಳ್ಳಿಯ ಕಾರ್ಯಕರ್ತೆ ಅವಳಿಗೆ ಕಲಿಸಬಹುದು ಎಂಬ ನಂಬಿಕೆಯೇ ಆ ಪುಸ್ತಿಕೆಗಳ ಜೀವಾಳ.

ಜೊತೆಗಾರರು ಏನು ಕಲಿಯಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ವಿದ್ಯೆ ಬರೆದಿಡಲು ಯೋಗ್ಯವಾದದ್ದು, ಓದಿದವರು ನಾಳೆಯೇ ಬಳಸಬಹುದಾದದ್ದು.

ಕಣ್ಣು ಕಾಣದವರನ್ನು ನಾವು ಸಾಮಾನ್ಯವಾಗಿ ರಟ್ಟೆ ಹಿಡಿದು ಮುಂದಕ್ಕೆ ತಳ್ಳುತ್ತೇವೆ. ಆಗ ಗುಂಡಿಗೆ ಮೊದಲು ಬೀಳುವವರು ಅವರೇ. ಸರಿಯಾದ ಕ್ರಮದಲ್ಲಿ ಅವರು ನಮ್ಮ ಮೊಣಕೈಯ ಮೇಲ್ಭಾಗವನ್ನು ಹಿಡಿಯುತ್ತಾರೆ, ನಾವು ಅರ್ಧ ಹೆಜ್ಜೆ ಮುಂದೆ ನಡೆಯುತ್ತೇವೆ. ನಮ್ಮ ಮೈಯ ಏರಿಳಿತದಿಂದಲೇ ಮೆಟ್ಟಿಲು, ತಿರುವು, ತಗ್ಗು ಅವರಿಗೆ ತಿಳಿಯುತ್ತದೆ. ದಾರಿ ಕಿರಿದಾದರೆ ನಮ್ಮ ತೋಳನ್ನು ಬೆನ್ನ ಹಿಂದಕ್ಕೆ ತಂದರೆ ಸಾಕು, ಅವರು ಹಿಂದೆ ಸರಿಯುತ್ತಾರೆ. ಬಸ್ಸಿನ ಬಾಗಿಲಿನಲ್ಲಿ ಎತ್ತಿ ಹತ್ತಿಸುವ ಅಗತ್ಯವಿಲ್ಲ. ಅವರ ಕೈಯನ್ನು ಕಂಬಿಯ ಮೇಲಿಟ್ಟು, "ಮೊದಲ ಮೆಟ್ಟಿಲು ಎತ್ತರಕ್ಕಿದೆ ಅಣ್ಣ, ಒಟ್ಟು ಮೂರು" ಎಂದರೆ ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ. ಸೀಟು ತೋರಿಸುವಾಗಲೂ ಕೈಯನ್ನು ಸೀಟಿನ ಬೆನ್ನಿಗೆ ಮುಟ್ಟಿಸಿದರೆ ಆಯಿತು.

ಗಾಲಿಕುರ್ಚಿಗೆ ಬೇರೆ ವಿದ್ಯೆ ಬೇಕು. ಕಡಿದಾದ ಇಳಿಜಾರಿನಿಂದ ಇಳಿಸುವಾಗ ಕುರ್ಚಿ ಹಿಮ್ಮುಖವಾಗಿರಬೇಕು, ಇಲ್ಲದಿದ್ದರೆ ಕೂತವರು ಮುಗ್ಗರಿಸುತ್ತಾರೆ. ಕಳಚಿಕೊಳ್ಳುವ ಕೈಹಿಡಿ ಅಥವಾ ಪಾದದ ಹಲಗೆ ಹಿಡಿದು ಎತ್ತಬಾರದು. ಸೀಟಿಗೆ ದಾಟಿಸುವ ಮೊದಲು ಬ್ರೇಕ್ ಹಾಕಬೇಕು, ಬಲವಿರುವ ಪಕ್ಕಕ್ಕೆ ಕುರ್ಚಿಯನ್ನು ಓರೆಯಾಗಿ ನಿಲ್ಲಿಸಬೇಕು, ಎತ್ತುವವರು ಮೊಣಕಾಲು ಬಗ್ಗಿಸಬೇಕು. ಬೆನ್ನು ಬಗ್ಗಿಸಿ ಎತ್ತಿ ಬೆನ್ನುನೋವು ಹಚ್ಚಿಕೊಂಡ ತಾಯಂದಿರಿಗೆ ನಮ್ಮಲ್ಲಿ ಕೊರತೆಯಿಲ್ಲ. ಸ್ಪರ್ಶಜ್ಞಾನ ಕಳೆದುಕೊಂಡವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಇಂಜಿನ್ ಮುಂದಿರುವ ಹಳೆಯ ಬಸ್ಸುಗಳಲ್ಲಿ ಡ್ರೈವರ್ ಪಕ್ಕದ ಬಾನೆಟ್ ಸುಡುತ್ತದೆ. ಜಾಗ ಸಿಕ್ಕಿತಲ್ಲ ಎಂದು ಬೆನ್ನುಹುರಿಗೆ ಪೆಟ್ಟಾದವರನ್ನೋ ಕುಷ್ಠದಿಂದ ಪಾದ ಜೋಮು ಹಿಡಿದವರನ್ನೋ ಅದಕ್ಕೆ ತಾಗಿಸಿ ಕೂರಿಸಿದರೆ, ಬೊಬ್ಬೆ ಎದ್ದದ್ದು ಊರಿಗೆ ಬಂದ ಮೇಲಷ್ಟೇ ತಿಳಿಯುತ್ತದೆ. ಒಂದೇ ಭಂಗಿಯಲ್ಲಿ ಎರಡು ಮೂರು ತಾಸು ಕೂತರೆ ಒತ್ತುಹುಣ್ಣು ಏಳುತ್ತದೆ. ಸ್ವಲ್ಪ ಸ್ವಲ್ಪ ಹೊತ್ತಿಗೆ ಮೈಭಾರ ಬದಲಿಸಲು ನೆನಪಿಸುವುದೂ ಜೊತೆಗಾರರ ಕೆಲಸವೇ.

ಹೆಣ್ಣುಮಕ್ಕಳ ಸಂಕಟವನ್ನು ಬೇರೆಯಾಗಿಯೇ ಹೇಳಬೇಕು. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ, ಸಿಕ್ಕರೂ ಒಳಗೆ ಹೋಗಲಾಗುವುದಿಲ್ಲ ಎಂದು ಹಿಂದಿನ ರಾತ್ರಿಯಿಂದಲೇ ನೀರು ಬಿಟ್ಟು ಹೊರಡುವ ಅಂಗವಿಕಲ ಹೆಂಗಸರನ್ನು ಕಾರ್ಯಕರ್ತೆಯರೆಲ್ಲ ಬಲ್ಲರು. ಇಂಥ ಪ್ರಯಾಣಕ್ಕೆ ಹೆಣ್ಣು ಜೊತೆಗಾತಿಯೇ ಬೇಕು. ಯಾವ ಆಸ್ಪತ್ರೆಯ, ಯಾವ ಹೋಟೆಲಿನ ಶೌಚಾಲಯದ ಬಾಗಿಲು ಅಗಲವಾಗಿದೆ ಎಂಬುದನ್ನು ಅವಳು ಮೊದಲೇ ತಿಳಿದಿರಬೇಕು. ಫಿಟ್ಸ್ ಬರುವವರ ಜೊತೆ ಹೋಗುವವರು ಇನ್ನೊಂದನ್ನು ಕಲಿಯಬೇಕು. ಬಸ್ಸಿನಲ್ಲಿ ಯಾರಾದರೂ ಒದ್ದಾಡಿದರೆ ಸುತ್ತಲಿನವರು ಕೈಗೆ ಕಬ್ಬಿಣದ ಬೀಗದಕೈ ಕೊಡಲು ಧಾವಿಸುತ್ತಾರೆ, ಹಲ್ಲುಗಳ ನಡುವೆ ಚಮಚ ತುರುಕುತ್ತಾರೆ. ಅವರನ್ನು ತಡೆದು, ರೋಗಿಯನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ಹಾಕದೆ, ಎಷ್ಟು ನಿಮಿಷ ಕಳೆಯಿತೆಂದು ಗಡಿಯಾರ ನೋಡುವ ಧೈರ್ಯ ತರಬೇತಿಯಿಂದಲೇ ಬರುವಂಥದ್ದು.

ಬುದ್ಧಿಯ ಬೆಳವಣಿಗೆ ನಿಧಾನವಾದ ಯುವಜನರಿಗೆ ಪ್ರಯಾಣ ಕಲಿಸುವ ಕ್ರಮ ನನಗೆ ಎಲ್ಲಕ್ಕಿಂತ ಇಷ್ಟ. ಮೊದಲು ಅದೇ ಬಸ್ಸು, ಅದೇ ಹೊತ್ತು, ಅದೇ ದಾರಿ. ಕೆಲವು ದಿನ ಪಕ್ಕದಲ್ಲಿ ಕೂತು ಹೋಗುವುದು, ಆಮೇಲೆ ಎರಡು ಸೀಟು ಹಿಂದೆ ಕೂರುವುದು, ಆಮೇಲೆ ಹತ್ತಿಸಿ ಬಿಟ್ಟು ಇಳಿಯುವ ಜಾಗದಲ್ಲಿ ಇನ್ನೊಬ್ಬರು ಕಾಯುವುದು. ಜೇಬಿನಲ್ಲಿ ವಿಳಾಸದ ಚೀಟಿ, ಕೈಯಲ್ಲಿ ಲೆಕ್ಕವಾಗಿ ಎಣಿಸಿಟ್ಟ ಚಿಲ್ಲರೆ. ಕಂಡಕ್ಟರಿಗೂ ಮೊದಲೇ ಒಂದು ಮಾತು ಹೇಳಿಟ್ಟಿರಬೇಕು. ಜೊತೆಗಾರ ಇಲ್ಲಿ ಹಂತಹಂತವಾಗಿ ದೂರ ಸರಿಯಬೇಕು, ಮತ್ತು ಅದಕ್ಕೆ ಮನೆಯವರ ಎದೆಯನ್ನೂ ಗಟ್ಟಿ ಮಾಡಬೇಕು.

ಇಷ್ಟೆಲ್ಲ ಕಲಿತ ಮೇಲೂ ಮುಖ್ಯವಾದದ್ದು ಒಂದು ಉಳಿಯುತ್ತದೆ: ಕೇಳಿ ಮುಟ್ಟುವುದು. ಯಾವ ಸೀಟು, ಯಾವ ಹೊತ್ತಿನ ಬಸ್ಸು, ದಾರಿಯಲ್ಲಿ ಇಳಿದು ಕಾಫಿ ಕುಡಿಯಬೇಕೇ ಬೇಡವೇ, ಡಾಕ್ಟರ ಹತ್ತಿರ ಯಾರು ಮಾತಾಡಬೇಕು? ಇವನ್ನೆಲ್ಲ ತೀರ್ಮಾನಿಸುವವರು ಪ್ರಯಾಣಿಕರು. ಅಮೆರಿಕದ ಬರ್ಕ್ಲಿಯಲ್ಲಿ ಪೋಲಿಯೊದಿಂದ ಕೈಕಾಲು ಸ್ವಾಧೀನ ತಪ್ಪಿದ್ದ ಎಡ್ ರಾಬರ್ಟ್ಸ್ ಮತ್ತು ಅವರ ಗೆಳೆಯರು 1972ರಲ್ಲಿ ಸ್ವತಂತ್ರ ಬದುಕಿನ ಕೇಂದ್ರ ತೆರೆದಾಗ ಹೇಳಿದ್ದೂ ಇದನ್ನೇ: ಸಹಾಯಕರನ್ನು ಆರಿಸಿ, ಕಲಿಸಿ, ಕೆಲಸ ಹೇಳುವ ಅಧಿಕಾರ ಅಂಗವಿಕಲರದ್ದು. ಸ್ವೀಡನ್ನಿನಲ್ಲಿ 1994ರಿಂದ ಅದು ಕಾನೂನಿನ ಹಕ್ಕೇ ಆಯಿತು. ನಮ್ಮ ಹಳ್ಳಿಗಳಲ್ಲಿ ಸಂಬಳ ಕೊಟ್ಟು ಸಹಾಯಕರನ್ನು ಇಟ್ಟುಕೊಳ್ಳುವ ಶಕ್ತಿ ಯಾರಿಗಿದೆ ಎಂದು ಕೇಳಬಹುದು. ತೀರ್ಮಾನ ಯಾರದು ಎಂಬುದನ್ನು ಒಪ್ಪಿಕೊಳ್ಳುವುದಕ್ಕಂತೂ ಹಣ ಬೇಕಿಲ್ಲ.

ಈ ಮೂರು ತಾಲ್ಲೂಕುಗಳಲ್ಲಿ ಆ ತೀರ್ಮಾನದ ಶಕ್ತಿ ಬೆಳೆದದ್ದು ಅಂಗವಿಕಲರ ಸ್ವಸಹಾಯ ಸಂಘಗಳಿಂದ. ಉಳಿತಾಯಕ್ಕೆಂದು ಸೇರಿದವರು ಮಾಸಾಶನ, ಬಸ್ ಪಾಸು, ಪ್ರಮಾಣಪತ್ರದ ಮಾತಾಡಿದರು. ಒಬ್ಬರಿಗೊಬ್ಬರು ಜೊತೆಯಾಗಿ ತಾಲ್ಲೂಕು ಕಚೇರಿಗೆ ಹೋದರು. ಕಾಲಿಲ್ಲದವರು ದಾರಿ ನೋಡಿದರು, ಕಣ್ಣಿಲ್ಲದವರು ಚೀಲ ಹೊತ್ತರು. ಮುಂದೆ ರಾಜ್ಯ ಸರ್ಕಾರ ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಗೌರವಧನದ ಮೇಲೆ ನೇಮಿಸಿತು. ಅಂಗವಿಕಲರನ್ನೇ ಈ ಕೆಲಸಕ್ಕೆ ತೆಗೆದುಕೊಂಡದ್ದು ಯೋಜನೆಯ ದೊಡ್ಡ ಗುಣ. ಜನರ ಬಾಯಲ್ಲಿ ಅವರು ವಿಆರ್‌ಡಬ್ಲ್ಯು ಮೇಡಂ, ಎಂಆರ್‌ಡಬ್ಲ್ಯು ಸರ್. ನೇಮಕದ ಆದೇಶದಲ್ಲಿ ಸಮೀಕ್ಷೆ, ಅರ್ಜಿ, ಯೋಜನೆಗಳ ಮಾಹಿತಿ ಎಂದೆಲ್ಲ ಇರುತ್ತದೆ. ದಿನದ ಕೆಲಸದಲ್ಲಿ ಅರ್ಧಕ್ಕರ್ಧ ಯಾರನ್ನಾದರೂ ಎಲ್ಲಿಗಾದರೂ ಕರೆದುಕೊಂಡು ಹೋಗುವುದೇ. ಮಂಡ್ಯದ ಆಸ್ಪತ್ರೆಯಲ್ಲಿ ವೈದ್ಯಕೀಯ ಮಂಡಳಿ ಕೂರುವ ದಿನ ಮಳವಳ್ಳಿ ಕಡೆಯಿಂದ ಬರುವ ಬೆಳಗಿನ ಬಸ್ಸು ಹತ್ತಿದರೆ, ತಾವೇ ಊರುಗೋಲು ಹಿಡಿದ ಕಾರ್ಯಕರ್ತರೊಬ್ಬರು ಇಬ್ಬರು ಮೂವರನ್ನು ಜೊತೆಗೆ ಕೂರಿಸಿಕೊಂಡು, ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲರ ದಾಖಲೆ ಹಿಡಿದು ಬರುವುದನ್ನು ನೋಡಬಹುದು.

ಈ ದುಡಿಮೆಗೆ ಫಲ ಸಿಕ್ಕಿತೇ? ಮಂಡ್ಯದ ಭಾಗ್ಯವೆಂದರೆ ಇದನ್ನು ಅಳೆದು ನೋಡಿದವರಿದ್ದಾರೆ. ಮಾರಿಯೊ ಬಿಜೇರಿ, ಸುನಿಲ್ ದೀಪಕ್, ವಿನ್ಚೆಂಜೊ ಮೌರೊ, ಜಾನ್-ಫ್ರಾನ್ಸ್ವಾ ತ್ರಾನಿ ಮೊದಲಾದವರು, ಇಲ್ಲಿಯ ಜಯಂತ್ ಕುಮಾರ್ ಅವರೂ ಸೇರಿ, ಮಂಡ್ಯ ಜಿಲ್ಲೆಯಲ್ಲಿ ನಡೆಸಿದ ಅಧ್ಯಯನ 2014ರಲ್ಲಿ 'ಡಿಸೆಬಿಲಿಟಿ ಅಂಡ್ ರಿಹ್ಯಾಬಿಲಿಟೇಷನ್' ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾರ್ಯಕ್ರಮ ನಡೆದ ಹಳ್ಳಿಗಳ ಅಂಗವಿಕಲರನ್ನು ಕಾರ್ಯಕ್ರಮವಿಲ್ಲದ ಹಳ್ಳಿಗಳವರ ಜೊತೆ ಹೋಲಿಸಿ, ಕುಟುಂಬದ ಮತ್ತು ಊರಿನ ವ್ಯವಹಾರಗಳಲ್ಲಿ ಪಾಲ್ಗೊಳ್ಳುವುದು ಹೆಚ್ಚಿದೆಯೇ ಎಂದು ಅವರು ಕೇಳಿದರು. ಹೆಚ್ಚಿದೆ ಎಂಬುದೇ ಉತ್ತರವಾಗಿತ್ತು. ಜಗತ್ತಿನ ಅನೇಕ ದೇಶಗಳಲ್ಲಿ ಈ ಪದ್ಧತಿ ನಡೆದಿದ್ದರೂ ಇಷ್ಟು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಳಗಾದದ್ದು ವಿರಳ. ಇದೇ ಕೆಲಸದ ಸುತ್ತ ಅಂಗವಿಕಲರೇ ಸಂಶೋಧಕರಾಗಿ ಪ್ರಶ್ನೆ ಕೇಳಿದ, ಉತ್ತರ ಚರ್ಚಿಸಿದ ಪ್ರಯತ್ನಗಳೂ ನಡೆದವು. ಮನೆಯಿಂದ ಹೊರಗೆ ಕಾಲಿಡದಿದ್ದವರು ಬೇರೆ ಊರಿಗೆ ಹೋಗಿ ಬೇರೆಯವರ ಬದುಕಿನ ಬಗ್ಗೆ ಕೇಳುವಂತಾದದ್ದು ನನ್ನ ದೃಷ್ಟಿಯಲ್ಲಿ ಆ ಅಂಕಿಅಂಶಗಳಷ್ಟೇ ದೊಡ್ಡ ಸಂಗತಿ.

ಕಾನೂನು ಈ ನಡುವೆ ಬಹಳ ಮುಂದೆ ಬಂದಿದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆಗಳಿದ್ದವು, 2016ರ ಕಾಯ್ದೆಯಲ್ಲಿ 21. ಭಾರತ 2007ರಲ್ಲಿ ಒಪ್ಪಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿಯಲ್ಲಿ ವೈಯಕ್ತಿಕ ಸಹಾಯಕರ ಮಾತಿದೆ. 20ನೇ ವಿಧಿ ಓಡಾಟದ ಕೌಶಲವನ್ನು ಅಂಗವಿಕಲರಿಗೂ ಅವರ ಜೊತೆ ಕೆಲಸ ಮಾಡುವ ಸಿಬ್ಬಂದಿಗೂ ಕಲಿಸಬೇಕೆನ್ನುತ್ತದೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ 2015ರಲ್ಲಿ 'ಸಹಯೋಗಿ' ಎಂಬ ಆರೈಕೆದಾರರ ತರಬೇತಿ ಯೋಜನೆ ತಂದಿತು. ರೈಲ್ವೆ ಇಲಾಖೆ ಜೊತೆಗಾರರನ್ನು ಬಹಳ ಹಿಂದೆಯೇ ಗುರುತಿಸಿದೆ: ಒಬ್ಬರೇ ಪ್ರಯಾಣಿಸಲಾಗದ ದೈಹಿಕ ಅಂಗವಿಕಲರಿಗೆ ಎರಡನೇ ದರ್ಜೆ ಮತ್ತು ಸ್ಲೀಪರ್‌ನಲ್ಲಿ ಸಿಗುವ ಶೇ 75ರ ರಿಯಾಯಿತಿ ಜೊತೆಗೆ ಬರುವ ಒಬ್ಬರಿಗೂ ಸಿಗುತ್ತದೆ. ಬಸ್ಸಿನಲ್ಲಿ, ಅಂಗವಿಕಲರಿಗೆ ಕೊಡುವ ವರ್ಷಕ್ಕೆ 660 ರೂಪಾಯಿಯ ರಿಯಾಯಿತಿ ಪಾಸು ವಾಸದ ಊರಿನಿಂದ 100 ಕಿ.ಮೀ.ವರೆಗೆ ನಡೆಯುತ್ತದೆ. ಮದ್ದೂರಿನವರಿಗೆ ಬೆಂಗಳೂರು ಈ ಮಿತಿಯೊಳಗಿದೆ. ಮಂಡ್ಯ ಪಟ್ಟಣ ಹೆಚ್ಚುಕಡಿಮೆ ಗೆರೆಯ ಮೇಲಿದೆ. 2023ರ ಜೂನ್ 11ರಂದು ಹೆಣ್ಣುಮಕ್ಕಳ ಪುಕ್ಕಟೆ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಜೊತೆಗೆ ಹೋಗುವ ಅವ್ವನಿಗೆ, ಅಕ್ಕನಿಗೆ ಟಿಕೆಟ್ಟಿನ ಖರ್ಚು ತಪ್ಪಿತು. ಬಡ ಮನೆಗಳಿಗೆ ಇದು ದೊಡ್ಡ ಆಸರೆ. ಆದರೆ ಬಸ್ಸು ಪುಕ್ಕಟೆ ಎಂಬ ಕಾರಣಕ್ಕೆ ಜೊತೆ ಹೋಗುವ ಹೊರೆಯೆಲ್ಲ ಹೆಣ್ಣುಮಕ್ಕಳ ಹೆಗಲಿಗೇ ಬೀಳುವುದನ್ನೂ ಮನೆಯ ಗಂಡಸರು ಗಮನಿಸಬೇಕು.

ರಸ್ತೆಯೂ ಬದಲಾಯಿತು. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ ಪ್ರವೇಶ ನಿಂತಿತು. ಹೆಚ್ಚುವರಿ ಚಕ್ರ ಜೋಡಿಸಿದ ಸ್ಕೂಟರನ್ನೇ ಕಾಲು ಮಾಡಿಕೊಂಡವರಿಗೆ ಈಗ ಸರ್ವೀಸ್ ರಸ್ತೆಯೇ ಗತಿ. ವೇಗದ ಬಸ್ಸುಗಳು ಊರಿನ ಹೊರಗಿನಿಂದಲೇ ಹಾದುಹೋಗುವಾಗ ಬೈಪಾಸಿನಲ್ಲಿ ಇಳಿದವರು ಸರ್ವೀಸ್ ರಸ್ತೆ ದಾಟಿ ಊರು ಸೇರಬೇಕು. ಇಲ್ಲಿ ಜೊತೆಗಾರರ ಅಗತ್ಯ ಮೊದಲಿಗಿಂತ ಹೆಚ್ಚಾಗಿದೆ.

ಇಷ್ಟು ಹೊತ್ತು ಆಸ್ಪತ್ರೆ, ಕಚೇರಿಯ ಪ್ರಯಾಣಗಳನ್ನೇ ಹೇಳಿದೆ, ಏಕೆಂದರೆ ಇಲ್ಲಿ ಪುನರ್ವಸತಿ ಕೆಲಸ ನಡೆದದ್ದೂ ಹೆಚ್ಚಾಗಿ ಅಷ್ಟರಲ್ಲೇ. ಅಂಗವಿಕಲರು ಕಾಯಿಲೆಯ ನೆಪವಿಲ್ಲದೆ, ಬರೀ ಸಂತೋಷಕ್ಕಾಗಿ ಊರು ಬಿಟ್ಟು ಹೊರಡುವುದನ್ನು ಸಂಸ್ಥೆಗಳೂ ಸರ್ಕಾರವೂ ಯೋಚಿಸಿದ್ದು ಕಡಿಮೆ, ಮತ್ತು ಇದು ಈ ಇತಿಹಾಸದ ನಿಜವಾದ ಕೊರತೆ. ನೋಡಲೇಬೇಕಾದ ಜಾಗಗಳು ಇದೇ ತಾಲ್ಲೂಕುಗಳಲ್ಲಿವೆ. ಮಳವಳ್ಳಿಯವರಿಗೆ ಮುತ್ತತ್ತಿಯ ಹನುಮಂತರಾಯ, ಶಿವನಸಮುದ್ರದ ಗಗನಚುಕ್ಕಿ. ಮದ್ದೂರಿನವರಿಗೆ ಹೊಳೆ ಆಂಜನೇಯ, ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು, 1938ರ ಧ್ವಜ ಸತ್ಯಾಗ್ರಹ ನಡೆದ ಶಿವಪುರ. ಸ್ವಲ್ಪ ದೂರ ಹೋದರೆ ಮೇಲುಕೋಟೆಯ ವೈರಮುಡಿ. ಜಲಪಾತ ಕಣ್ಣು ಕಾಣದವರಿಗೆ ಏಕೆ ಎಂದು ಕೇಳುವವರು ಗಗನಚುಕ್ಕಿಯ ಮೊರೆತವನ್ನು, ಮುಖಕ್ಕೆ ಬಡಿಯುವ ತುಂತುರನ್ನು ನೆನೆಸಿಕೊಳ್ಳಲಿ. ಹೊಳೆದಂಡೆಯ ಮೆಟ್ಟಿಲು, ಜಾತ್ರೆಯ ನೂಕುನುಗ್ಗಲು, ಮರಳಿನಲ್ಲಿ ಹೂತುಹೋಗುವ ಗಾಲಿ ಇವನ್ನೆಲ್ಲ ನಿಭಾಯಿಸಲು ಬಲ್ಲ ನಾಲ್ಕು ಜನ ಪ್ರತಿ ಕ್ಷೇತ್ರದಲ್ಲೂ ಇದ್ದರೆ, ಮನೆಯವರು ಜಾತ್ರೆಗೆ ಹೊರಟಾಗ ಕಾವಲಿಗೆಂದು ಹಿಂದೆ ಉಳಿಯುವ ಅಂಗವಿಕಲರು ತಾವೂ ಗಾಡಿ ಹತ್ತುತ್ತಾರೆ.

ಈ ಬರಹ ಜಿಲ್ಲೆಯ ಅಧಿಕಾರಿಗಳ, ಪಂಚಾಯಿತಿ ಸದಸ್ಯರ ಕೈಗೂ ಸೇರುತ್ತದೆ ಎಂಬ ನಂಬಿಕೆಯಿಂದ ಕೆಲವು ಮಾತು ನೇರವಾಗಿ ಕೇಳುತ್ತೇನೆ. ಪಂಚಾಯಿತಿಗಳಲ್ಲಿ ಅಂಗವಿಕಲರಿಗೆಂದು ಶೇ 5ರ ಅನುದಾನ ಮೀಸಲಿದೆ. ಬಹಳ ಕಡೆ ಅದು ಸಾಧನ ಸಲಕರಣೆಗೇ ಮುಗಿಯುತ್ತದೆ. ಅದರಲ್ಲಿ ಒಂದು ಪಾಲನ್ನು ಜೊತೆಗಾರರ ತರಬೇತಿಗೆ, ಅವರ ದಿನಗೂಲಿಗೆ ಎತ್ತಿಡಿ. ಮಂಡ್ಯ, ಮದ್ದೂರು, ಮಳವಳ್ಳಿ ಬಸ್ ನಿಲ್ದಾಣಗಳಲ್ಲಿ ತರಬೇತಿ ಪಡೆದ ಇಬ್ಬರು, ಅವರಲ್ಲಿ ಒಬ್ಬರು ಹೆಣ್ಣುಮಗಳು, ಬೆಳಗ್ಗೆ ಮತ್ತು ಸಂಜೆ ಇರುವಂತೆ ಮಾಡಿ. ಕಂಡಕ್ಟರ್, ಡ್ರೈವರುಗಳಿಗೆ ವರ್ಷಕ್ಕೊಂದು ದಿನವಾದರೂ ಈ ಪಾಠ ಆಗಲಿ. ಅನುಭವವಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ದಿನವೂ ಪ್ರಯಾಣಿಸುವ ಅಂಗವಿಕಲರನ್ನೂ ಈ ತರಬೇತಿಗೆ ಮೇಷ್ಟರುಗಳಾಗಿ ಕರೆಯಿರಿ, ಅವರಿಗೆ ಸಂಭಾವನೆ ಕೊಡಿ.